ಟಿಬಿ ಬಂದ ಮನೆಗೆ ರೇಷನ್ ಕೊಟ್ಟರೆ ರೋಗ ಕಡಿಮೆಯಾಗುತ್ತಾ?

ಪ್ರಶ್ನೆ: ನಮ್ಮೂರ ಗೆಳೆಯರ ಬಳಗದಿಂದ ತಿಂಗಳಿಗೆ 20,000 ರೂಪಾಯಿ ಒಟ್ಟಾಗುತ್ತದೆ. ನಿಕ್ಷಯ್ ಮಿತ್ರರಾಗಿ (ಟಿಬಿ ರೋಗಿಗಳಿಗೆ ಜನರೇ ನೆರವಾಗುವ ಸರ್ಕಾರಿ ಯೋಜನೆಯಲ್ಲಿ ದಾನಿಗಳಾಗಿ) ಟಿಬಿ ರೋಗಿಗಳಿಗೆ ಫುಡ್ ಕಿಟ್ ಕೊಡೋಣ ಅಂತಿದ್ದೇವೆ. ಆದರೆ ಬಳಗದಲ್ಲೇ ಒಬ್ಬರು, ಮೆಡಿಕಲ್ ಶಾಪ್ ಇಟ್ಟುಕೊಂಡವರು, 'ಟಿಬಿ ಹೋಗೋದು ಮಾತ್ರೆಯಿಂದ, ಅನ್ನದಿಂದಲ್ಲ. ಇದೆಲ್ಲ ಪುಣ್ಯದ ಕೆಲಸ ಅಷ್ಟೇ' ಎನ್ನುತ್ತಾರೆ. ಊಟ ಕೊಟ್ಟರೆ ಟಿಬಿ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಸಂಶೋಧನೆಯ ಆಧಾರ ಇದೆಯಾ? ಇದ್ದರೆ ರೋಗಿಗೊಂದು ಕಿಟ್ ಅಂತ 16 ಮಂದಿಗೆ ಕೊಡುವುದಾ, ಇಲ್ಲ ಕೆಲವೇ ಮನೆ ಹಿಡಿದು ಮನೆಮಂದಿಗೆಲ್ಲ ಕೊಡುವುದಾ?

ಉತ್ತರ: ಮಾತ್ರೆಯ ಬಗ್ಗೆ ನಿಮ್ಮ ಗೆಳೆಯರು ಹೇಳಿದ್ದು ಸರಿ. ಟಿಬಿ ಬಂದವರು ಮಾತ್ರೆ ನುಂಗಲೇಬೇಕು, ಕೋರ್ಸ್ ಪೂರ್ತಿ ಮುಗಿಸಲೇಬೇಕು. ಅದನ್ನು ಬಿಟ್ಟು ಹಾಲು, ಮೊಟ್ಟೆ, ಬಾದಾಮಿ ಏನೇ ತಿಂದರೂ ಕ್ರಿಮಿ ಸಾಯುವುದಿಲ್ಲ. ಆದರೆ ಟಿಬಿ ವಾಸಿಯಾಗುವುದಕ್ಕೆ ಊಟ ಬೇಕಾ ಅನ್ನುವುದು ಒಂದು ಪ್ರಶ್ನೆ. ಇನ್ನೊಬ್ಬರಿಗೆ ಟಿಬಿ ಬರದಂತೆ ಊಟ ತಡೆಯುತ್ತಾ ಅನ್ನುವುದು ಇನ್ನೊಂದು. ಎರಡರ ಬಗ್ಗೆಯೂ ನಮ್ಮ ದೇಶದಲ್ಲೇ ದೊಡ್ಡ ಸಂಶೋಧನೆ ನಡೆದಿದೆ, ನಡುವೆ ಅರವತ್ತು ವರ್ಷದ ಅಂತರ. ಮೊದಲನೆಯದರ ಉತ್ತರವನ್ನೇ ಎರಡನೆಯದಕ್ಕೂ ಹಚ್ಚಿಬಿಟ್ಟಿದ್ದರಿಂದ ಊಟದ ಮಾತು ಬಹಳ ಕಾಲ ಮೂಲೆಗೆ ಬಿತ್ತು ಅಂತ ನಾನು ನಂಬಿದ್ದೇನೆ.

ಮೊದಲನೆಯದು ಮದ್ರಾಸಿನದು. ಆಗ ಟಿಬಿ ಅಂದರೆ ಸ್ಯಾನಟೋರಿಯಂ ಎಂಬ ಟಿಬಿ ಆಸ್ಪತ್ರೆ. ಒಳ್ಳೆ ಗಾಳಿ, ಹಾಸಿಗೆಯಲ್ಲೇ ವಿಶ್ರಾಂತಿ, ಹೊಟ್ಟೆತುಂಬ ಪೌಷ್ಟಿಕ ಊಟ. ಹಾಸಿಗೆಗಳೋ ಬೆರಳೆಣಿಕೆಯಷ್ಟು, ರೋಗಿಗಳು ಲಕ್ಷಗಟ್ಟಲೆ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಮದ್ರಾಸ್ ಸರ್ಕಾರ ಸೇರಿ ಅಲ್ಲೊಂದು ಕೇಂದ್ರ ತೆರೆದವು. ಬಡ ರೋಗಿಗಳನ್ನು ಆರಿಸಿ, ಯಾರು ಎಲ್ಲಿಗೆ ಅನ್ನುವುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಿ, ಅರ್ಧ ಮಂದಿಯನ್ನು ಸ್ಯಾನಟೋರಿಯಮ್ಮಿಗೆ ಕಳಿಸಿದರು. ಉಳಿದ ಅರ್ಧ ಮಂದಿ ತಮ್ಮ ಇಕ್ಕಟ್ಟಾದ ಮನೆಯಲ್ಲೇ ಉಳಿದರು. ಇಬ್ಬರಿಗೂ ಒಂದೇ ಔಷಧ, ಒಂದು ವರ್ಷ. ಸ್ಯಾನಟೋರಿಯಮ್ಮಿನವರು ಚೆನ್ನಾಗಿ ಉಂಡರು, ಅವರ ತೂಕವೂ ಜಾಸ್ತಿ ಏರಿತು. ಆದರೆ ರೋಗ ವಾಸಿಯಾದ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿದ್ದ ರೋಗಿಗಳಿಂದ ಮನೆಯವರಿಗೆ ರೋಗ ಹೆಚ್ಚಾಗಿ ಹರಡಲೂ ಇಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಪ್ರಪಂಚದ ತುಂಬ ಟಿಬಿ ಚಿಕಿತ್ಸೆ ಮನೆಗೆ ಬಂತು. ಇವತ್ತು ಆಶಾ ಕಾರ್ಯಕರ್ತೆ ಬಾಗಿಲಿಗೆ ಮಾತ್ರೆ ತಂದುಕೊಡುತ್ತಾರಲ್ಲ, ಅದರ ಬೇರು ಅಲ್ಲಿದೆ. ಎಷ್ಟು ಜೀವ ಉಳಿಸಿದ ಸಂಶೋಧನೆ ಅದು!

ಆದರೆ ಅದರ ಜೊತೆಗೇ ಇನ್ನೊಂದು ಮಾತೂ ಬೇರೂರಿತು: 'ಒಳ್ಳೆ ಔಷಧ ಇದ್ದರೆ ಊಟ ಮುಖ್ಯ ಅಲ್ಲ.' ಮದ್ರಾಸಿನವರು ನೋಡಿದ್ದು ರೋಗ ಬಂದವರು, ಔಷಧ ತಗೊಂಡಾಗ, ವಾಸಿಯಾಗುತ್ತಾರಾ ಅಂತ. ಇನ್ನೂ ರೋಗ ಬಾರದ, ಹಸಿದ ಮನೆಮಂದಿಗೆ ಊಟ ಕೊಟ್ಟು ಏನಾಗುತ್ತದೆ ಅಂತ ಅವರು ನೋಡಲಿಲ್ಲ. ಅದು ಅವರ ಪ್ರಶ್ನೆಯೇ ಆಗಿರಲಿಲ್ಲ.

ಟಿಬಿ ಕ್ರಿಮಿ ಒಳಗೆ ಹೋದವರಿಗೆಲ್ಲ ಕಾಯಿಲೆ ಬರುವುದಿಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ನೂರರಲ್ಲಿ ತೊಂಬತ್ತು ಮಂದಿಗೂ ಹೆಚ್ಚು ಜನರಲ್ಲಿ ದೇಹ ಅದನ್ನು ಅದುಮಿ ಇಟ್ಟುಕೊಳ್ಳುತ್ತದೆ. ಅದುಮಿಡುವ ಶಕ್ತಿ ಯಾವಾಗ ಕುಂದುತ್ತದೆ? ಎಚ್‌ಐವಿ ಇದ್ದಾಗ, ಸಕ್ಕರೆ ಕಾಯಿಲೆ ಇದ್ದಾಗ, ಕುಡಿತ ಸಿಗರೇಟು ಜಾಸ್ತಿಯಾದಾಗ, ಮತ್ತು ಊಟ ಸಾಲದೇ ಇದ್ದಾಗ. ನಮ್ಮ ದೇಶದಲ್ಲಿ ಇವುಗಳ ಪೈಕಿ ಎಲ್ಲಕ್ಕಿಂತ ದೊಡ್ಡ ಕಾರಣ ಕೊನೆಯದೇ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಳತೆ, ಒಂದೊಂದು ಅಂಕ ಮೇಲೇರಿದಂತೆ ಟಿಬಿ ಬರುವ ಸಾಧ್ಯತೆ ಸುಮಾರು 14% ಇಳಿಯುತ್ತದೆ ಅಂತ ಕಂಡಿತ್ತು.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಒಂದೇ ಸೆರೆಶಿಬಿರದಲ್ಲಿ ಬ್ರಿಟಿಷ್ ಕೈದಿಗಳೂ ಇದ್ದರು, ರಷ್ಯನ್ ಕೈದಿಗಳೂ ಇದ್ದರು. ಬ್ರಿಟಿಷರಿಗೆ ರೆಡ್‌ಕ್ರಾಸ್‌ನಿಂದ ಊಟದ ಪೊಟ್ಟಣ ಬರುತ್ತಿತ್ತು, ರಷ್ಯನ್ನರಿಗೆ ಇಲ್ಲ. ಟಿಬಿ ರಷ್ಯನ್ನರಲ್ಲಿ ಎಷ್ಟೋ ಪಟ್ಟು ಜಾಸ್ತಿ ಇತ್ತು. ಇಂಥ ಉದಾಹರಣೆ ಮನಸ್ಸಿಗೆ ನಾಟುತ್ತದೆ, ಆದರೆ ಇದೇ ಸಾಕು ಅನ್ನಲು ಬರುವುದಿಲ್ಲ. ಆ ಎರಡು ಗುಂಪುಗಳ ನಡುವೆ ಊಟ ಒಂದೇ ವ್ಯತ್ಯಾಸ ಅಂತ ಹೇಗೆ ಹೇಳುವುದು? ಚಳಿ, ದುಡಿತ, ಮೊದಲೇ ಇದ್ದ ಕಾಯಿಲೆ, ಎಲ್ಲವೂ ಬೇರೆ ಬೇರೆ ಇರಬಹುದಲ್ವಾ?

ಸರಿಯಾಗಿ ಪರೀಕ್ಷಿಸದೆ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಟಿಬಿಯ ಚರಿತ್ರೆಯಲ್ಲೇ ಒಂದು ಪಾಠ ಇದೆ. ಬಿಸಿಜಿ ಲಸಿಕೆ ದೊಡ್ಡವರ ಶ್ವಾಸಕೋಶದ ಟಿಬಿಯನ್ನೂ ತಡೆಯುತ್ತದೆ ಅಂತ ತುಂಬ ಜನ ನಂಬಿದ್ದರು. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಪ್ರಯೋಗ ಶುರುವಾಯಿತು. ವರ್ಷಗಟ್ಟಲೆ ಕಾದು ನೋಡಿದರೆ, ದೊಡ್ಡವರಿಗೆ ಆ ರಕ್ಷಣೆ ಸಿಗಲೇ ಇಲ್ಲ. ಚಿಕ್ಕಮಕ್ಕಳಲ್ಲಿ ಮೆದುಳಿಗೆ ಏರುವಂಥ ಕಠಿಣ ಟಿಬಿಯನ್ನು ಬಿಸಿಜಿ ತಡೆಯುತ್ತದೆ, ಅದಕ್ಕೇ ಇಂದಿಗೂ ಹುಟ್ಟಿದ ಕೂಸಿಗೆ ಹಾಕುತ್ತೇವೆ. ಆದರೆ ಸರಿಯಾಗಿ ಪರೀಕ್ಷೆ ಮಾಡದೆ ಇದ್ದಿದ್ದರೆ ದೊಡ್ಡವರಿಗೂ ಸುಮ್ನೆ ಚುಚ್ಚುತ್ತಾ ಇರುತ್ತಿದ್ದೆವು. ಊಟದ ವಿಷಯಕ್ಕೂ ಅಂಥದ್ದೇ ಪರೀಕ್ಷೆ ಬೇಕಿತ್ತು.

ಆ ಪರೀಕ್ಷೆಗೆ ಮುಂದಾದವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಅನುರಾಗ್ ಅವರು ಮೊದಲು ಛತ್ತೀಸಗಢದ ಗನಿಯಾರಿ ಎಂಬ ಹಳ್ಳಿಯ ಆಸ್ಪತ್ರೆಯಲ್ಲಿದ್ದವರು. ಅಲ್ಲಿಗೆ ಬಂದ 1,695 ಟಿಬಿ ರೋಗಿಗಳ ದಾಖಲೆ ತೆಗೆದು ನೋಡಿದಾಗ ಗಂಡಸರ ಸಾಮಾನ್ಯ ತೂಕ 42 ಕೆಜಿ, ಹೆಂಗಸರದು 34 ಕೆಜಿ. 34 ಕೆಜಿ ಅಂದರೆ ನಮ್ಮ ಹೈಸ್ಕೂಲಿಗೆ ಹೋಗುವ ಹುಡುಗಿಯ ತೂಕ. ಹೊಲದಲ್ಲಿ ದುಡಿದು, ಮಕ್ಕಳನ್ನು ಹೆತ್ತ ಹೆಂಗಸಿನ ತೂಕ ಅದು. ಈ ಅಂಕಿಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮುಂದೆ ಅವರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಪ್ರಯೋಗದ ಹೆಸರು 'ರೇಷನ್ಸ್'. 2019ರ ಆಗಸ್ಟ್‌ನಿಂದ ಜನರನ್ನು ಸೇರಿಸಿಕೊಂಡರು, 2022ರ ಜುಲೈವರೆಗೆ ಗಮನಿಸಿದರು, 2023ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. 2,800 ಶ್ವಾಸಕೋಶ ಟಿಬಿ ರೋಗಿಗಳು, ಅವರ ಮನೆಗಳಲ್ಲಿದ್ದ 10,345 ಮಂದಿ. ಮೂರರಲ್ಲಿ ಎರಡು ಪಾಲು ಜನ ಸಂತಾಲ, ಹೋ, ಮುಂಡಾ, ಒರಾಂವ್‌ನಂಥ ಆದಿವಾಸಿ ಸಮುದಾಯದವರು.

ಇಲ್ಲಿ ಮನೆಮನೆಗೆ ಚೀಟಿ ಎತ್ತಲಿಲ್ಲ. ಒಂದೇ ಓಣಿಯಲ್ಲಿ ಒಂದು ಮನೆಗೆ ಮೂಟೆ ಇಳಿಸಿ ಪಕ್ಕದ ಮನೆಗೆ ಇಲ್ಲ ಅಂದರೆ ನಡೆಯುತ್ತದೆಯೇ? ಹಂಚಿಕೊಂಡು ತಿನ್ನುತ್ತಾರೆ, ಇಲ್ಲ ಜಗಳವಾಗುತ್ತದೆ. ಹಾಗಾಗಿ ಟಿಬಿ ಯೂನಿಟ್ ಅಂತ ಸರ್ಕಾರಿ ಕಾರ್ಯಕ್ರಮದಲ್ಲಿ ಇರುವ ಪ್ರದೇಶಗಳನ್ನೇ ತಗೊಂಡು, 28 ಯೂನಿಟ್‌ಗಳನ್ನು ಚೀಟಿ ಎತ್ತಿದಂತೆ ಎರಡು ಭಾಗ ಮಾಡಿದರು. ಎರಡೂ ಕಡೆಯ ರೋಗಿಗಳಿಗೆ ಆರು ತಿಂಗಳು ಊಟದ ಸಾಮಾನು ಕೊಟ್ಟರು. ತಿಂಗಳಿಗೆ 10 ಕೆಜಿ ಚೀಲ, ದಿನಕ್ಕೆ ಸುಮಾರು 1,200 ಕ್ಯಾಲರಿ, 52 ಗ್ರಾಂ ಪ್ರೋಟೀನ್. ರೋಗಿಗೆ ಊಟ ಕೊಡದೆ ಹೋಲಿಕೆ ನೋಡುವುದು ಅನ್ಯಾಯ ಅಂತ ಹೀಗೆ ಮಾಡಿದ್ದು, ಅದು ಸರಿಯಾದ ನಿರ್ಧಾರ. ವ್ಯತ್ಯಾಸ ಇದ್ದದ್ದು ಮನೆಯ ಉಳಿದವರಲ್ಲಿ. ಒಂದು ಕಡೆ ಅವರಿಗೂ ತಿಂಗಳಿಗೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಸಿಕ್ಕಿತು. ಇನ್ನೊಂದು ಕಡೆ ಅವರು ಎಂದಿನಂತೆ ಉಂಡರು.

ಈ ಅಕ್ಕಿ ಬೇಳೆಯನ್ನು ದಿನದ ಲೆಕ್ಕಕ್ಕೆ ಇಳಿಸಿ ನೋಡಿ. ದಿನಕ್ಕೆ 165 ಗ್ರಾಂ ಅಕ್ಕಿ, 50 ಗ್ರಾಂ ಬೇಳೆ. ಅಕ್ಕಿಯಿಂದ ಸುಮಾರು 580 ಕ್ಯಾಲರಿ, ಬೇಳೆಯಿಂದ 170. ಒಟ್ಟು 750 ಕ್ಯಾಲರಿ, 23 ಗ್ರಾಂ ಪ್ರೋಟೀನ್. ಆ ಪ್ರೋಟೀನ್‌ನಲ್ಲಿ ಅರ್ಧದಷ್ಟು ಬರೀ ಒಂದು ಹಿಡಿ ಬೇಳೆಯದು. ಡಬ್ಬಿ ಪೌಡರ್ ಇಲ್ಲ, ದುಬಾರಿಯದ್ದು ಏನೂ ಇಲ್ಲ. ಮೇಲೆ ಎರಡು ಹೊತ್ತು ಅನ್ನ ಸಾರು, ಅಷ್ಟೇ.

ಫಲಿತಾಂಶ ಹೀಗಿತ್ತು. ರೇಷನ್ ಸಿಕ್ಕ 5,621 ಮಂದಿಯಲ್ಲಿ 96 ಜನರಿಗೆ ಹೊಸದಾಗಿ ಟಿಬಿ ಬಂತು. ಸಿಗದ 4,724 ಮಂದಿಯಲ್ಲಿ 122 ಜನರಿಗೆ. ಸಾವಿರಕ್ಕೆ ಲೆಕ್ಕ ಹಾಕಿದರೆ ಒಂದು ಕಡೆ 17, ಇನ್ನೊಂದು ಕಡೆ 26. ವಯಸ್ಸು, ತೂಕ, ಗಮನಿಸಿದ ಅವಧಿಯಂಥ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದಾಗ ಟಿಬಿ 39% ಕಡಿಮೆಯಾಗಿತ್ತು. ಪರೀಕ್ಷೆಯಲ್ಲಿ ಕ್ರಿಮಿ ಸಿಕ್ಕಿ ಖಚಿತವಾದ ಟಿಬಿಯನ್ನಷ್ಟೇ ಲೆಕ್ಕಕ್ಕೆ ತಗೊಂಡರೆ 48%.

ನಿಮ್ಮ ಗೆಳೆಯರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು, ಎತ್ತಲಿ. ಯಾರಿಗೆ ಅಕ್ಕಿ ಸಿಕ್ಕಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಮಾತ್ರೆಯಾದರೆ ಹುಸಿ ಮಾತ್ರೆ ಕೊಟ್ಟು ಹೋಲಿಸಬಹುದು, ಹುಸಿ ಬೇಳೆ ಕೊಡಲು ಆಗುವುದಿಲ್ಲ. ಹಾಗಾಗಿ ಟಿಬಿ ಅಂತ ತೀರ್ಮಾನಿಸುವವರ ಮನಸ್ಸು ಒಂದು ಕಡೆಗೆ ವಾಲಿರಬಹುದಲ್ಲ? ಅದಕ್ಕೇ ಆ 48% ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕಫದಲ್ಲಿ ಕ್ರಿಮಿ ಇದೆಯೋ ಇಲ್ಲವೋ ಅನ್ನುವುದು ಯಾರ ಅಭಿಪ್ರಾಯದ ಮೇಲೂ ನಿಲ್ಲುವುದಿಲ್ಲ. ಅಭಿಪ್ರಾಯದ ಪಾಲು ತೆಗೆದ ಮೇಲೂ ಲಾಭ ಹೆಚ್ಚೇ ಕಂಡಿದೆ, ಕಡಿಮೆಯಾಗಿಲ್ಲ.

ಇನ್ನೂ ಒಂದು ಸಂಗತಿ. ಹೋಲಿಕೆ ಗುಂಪಿನ ಮನೆಗಳಿಗೂ ರೋಗಿಯ ಹೆಸರಿನಲ್ಲಿ ಚೀಲ ಬರುತ್ತಿತ್ತು. ಮನೆಯಲ್ಲಿ ಮಕ್ಕಳು ನೋಡುತ್ತಿರುವಾಗ ಯಾವ ತಾಯಿ ಒಬ್ಬಳೇ ಉಣ್ಣುತ್ತಾಳೆ? ಕೋವಿಡ್ ಬಂದ ಮೇಲೆ 2020ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಕಾರ್ಡ್‌ದಾರರಿಗೆ ತಲಾ 5 ಕೆಜಿ ಹೆಚ್ಚುವರಿ ಧಾನ್ಯ ಕೊಟ್ಟಿತು, ಅದು ಎರಡೂ ಗುಂಪಿಗೆ ಬಂತು. ಅಂದರೆ ಹೋಲಿಕೆ ಗುಂಪಿನವರ ಹೊಟ್ಟೆಗೂ ಅಷ್ಟಿಷ್ಟು ಬಿದ್ದಿತ್ತು. ಇದೆಲ್ಲ ಇದ್ದೂ ಇಷ್ಟು ವ್ಯತ್ಯಾಸ ಕಂಡಿದೆ. ನಿಜವಾದ ಲಾಭ ಇದಕ್ಕಿಂತ ಜಾಸ್ತಿ ಇರಬಹುದು ಅಂತ ನನಗನ್ನಿಸುತ್ತದೆ.

ಹಾಗಂತ ಇದನ್ನು ಎಲ್ಲ ಕಡೆಗೂ ಹಾಗೇ ಎತ್ತಿ ಹಾಕಬೇಡಿ. ಜಾರ್ಖಂಡ್‌ನ ಆ ಮನೆಗಳಲ್ಲಿ ಮೂರರಲ್ಲಿ ಒಬ್ಬರು ಊಟ ಸಾಲದೆ ಸೊರಗಿದವರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, 80 ಕೆಜಿ ತೂಕದ, ಸಕ್ಕರೆ ಕಾಯಿಲೆಯವರಿಗೆ ಟಿಬಿ ಬಂದಿದ್ದರೆ ಆ ಮನೆಗೆ ಅಕ್ಕಿ ಮೂಟೆ ಇಳಿಸಿ ಏನೂ ಪ್ರಯೋಜನ ಇಲ್ಲ. ಅವರಿಗೆ ಬೇಕಿರುವುದು ಶುಗರ್ ಹತೋಟಿ. ಇದು ಕೆಲಸ ಮಾಡುವುದು ಹಸಿವು ಇರುವ ಕಡೆ.

ರೋಗಿಯ ವಿಷಯಕ್ಕೆ ಬರೋಣ. ಆ 2,800 ರೋಗಿಗಳಲ್ಲಿ ಐದರಲ್ಲಿ ನಾಲ್ಕು ಮಂದಿಯ ಬಿಎಂಐ 18.5ಕ್ಕಿಂತ ಕೆಳಗೆ, ಅಂದರೆ ಎತ್ತರಕ್ಕೆ ತಕ್ಕ ತೂಕ ಇಲ್ಲ. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದವರಲ್ಲಿ ಸಾವಿನ ಅಪಾಯ ಸುಮಾರು 60% ಕಡಿಮೆ ಇತ್ತು. 40 ಕೆಜಿ ಇದ್ದವರಿಗೆ 5% ಅಂದರೆ ಎರಡೇ ಕೆಜಿ. ಆದರೆ ಇದನ್ನು ಸ್ವಲ್ಪ ಎಚ್ಚರದಿಂದ ಓದಿ. ಇಲ್ಲಿ ಚೀಟಿ ಎತ್ತಿದ ಹೋಲಿಕೆ ಇಲ್ಲ, ರೋಗಿಗಳೆಲ್ಲರಿಗೂ ಊಟ ಸಿಕ್ಕಿತ್ತು. ಮೊದಲೇ ಕಾಯಿಲೆ ಕಡಿಮೆ ಇದ್ದವರ ತೂಕ ಬೇಗ ಏರಿರಬಹುದು. ಆದರೂ ಎರಡು ತಿಂಗಳಾದರೂ ತೂಕ ಏರದ ರೋಗಿ ಅಪಾಯದಲ್ಲಿದ್ದಾರೆ ಅನ್ನುವುದರಲ್ಲಿ ಅನುಮಾನ ಇಲ್ಲ. ಅವರನ್ನು ತಕ್ಷಣ ಡಾಕ್ಟರಿಗೆ ತೋರಿಸಬೇಕು.

ಹಾಗಾಗಿ ನೀವು ಮೊದಲು ಕೊಳ್ಳಬೇಕಾದ್ದು ಅಕ್ಕಿಯಲ್ಲ, ಒಂದು ತೂಕದ ಯಂತ್ರ ಮತ್ತು ಎತ್ತರ ಅಳೆಯುವ ಟೇಪು. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಮನೆಯ ಎಲ್ಲರನ್ನೂ ತೂಗಿ. 160 ಸೆಂಟಿಮೀಟರ್ ಎತ್ತರದವರಿಗೆ 18.5 ಅಂದರೆ 47 ಕೆಜಿ ಚಿಲ್ಲರೆ. ಅದೇ ಎತ್ತರಕ್ಕೆ 36 ಕೆಜಿ ಆಸುಪಾಸು ಇದ್ದರೆ ಬಿಎಂಐ 14. ಅಂಥವರನ್ನು, ಕಾಲು ಊದಿದವರನ್ನು, ಆಸರೆ ಇಲ್ಲದೆ ಎದ್ದು ನಿಲ್ಲಲಾಗದವರನ್ನು, ಕೂತಲ್ಲೇ ಏದುಸಿರು ಬಿಡುವವರನ್ನು ಕಿಟ್ ಕೊಟ್ಟು ಮನೆಯಲ್ಲಿ ಬಿಟ್ಟು ಬರಬೇಡಿ, ಆಸ್ಪತ್ರೆಗೆ ಸೇರಿಸಿ. ಬಹಳ ಸೊರಗಿದ ದೇಹಕ್ಕೆ ಒಮ್ಮೆಗೇ ಜಾಸ್ತಿ ಊಟ ಕೊಡುವುದೂ ಅಪಾಯ, ಅದನ್ನು ಡಾಕ್ಟರ ಕಣ್ಣಳತೆಯಲ್ಲೇ ಮಾಡಬೇಕು. ತಮಿಳುನಾಡು ಸರ್ಕಾರ 2022ರಿಂದ ಇದೇ ರೀತಿ ಮೊದಲ ದಿನವೇ ರೋಗಿಗಳನ್ನು ಜರಡಿ ಹಿಡಿದು, ಕಷ್ಟದಲ್ಲಿರುವವರನ್ನು ದಾಖಲು ಮಾಡಿಕೊಳ್ಳುತ್ತಿದೆ. ಬಹಳ ಸರಳ ಕೆಲಸ, ನಮ್ಮಲ್ಲೂ ಪ್ರತಿ ಪಿಎಚ್‌ಸಿಯಲ್ಲಿ ಆಗಲೇಬೇಕು.

ತೂಗುವಾಗ ಮನೆಯವರನ್ನು ಕೆಮ್ಮು, ಜ್ವರ, ತೂಕ ಇಳಿದದ್ದರ ಬಗ್ಗೆಯೂ ಕೇಳಿ. ಜನ ಕಾಯಿಲೆ ಮುಚ್ಚಿಡುತ್ತಾರೆ, ಅವರಿಗೆ ತಿಳುವಳಿಕೆ ಇಲ್ಲ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲೇ ಪ್ರಕಟವಾಗಿದೆ. ಟಿಬಿ ಇದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ಲಕ್ಷಣ ಗೊತ್ತೇ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧ. ಈಗಲೂ ಅದು ಆಗುತ್ತಿದೆ. ನೀವು ಹೋದ ಮನೆಯಲ್ಲಿ ಯಾರಾದರೂ ಎರಡು ವಾರ ಕೆಮ್ಮುತ್ತಿದ್ದರೆ ಅವರ ಕಫ ಪರೀಕ್ಷೆ ಆಗುವವರೆಗೂ ಬೆನ್ನು ಬಿಡಬೇಡಿ. ಕಾಯಿಲೆ ಇಲ್ಲ ಅಂತ ಖಚಿತವಾದವರಿಗೆ ಟಿಬಿ ಬರದಂತೆ ತಡೆಯುವ ಮಾತ್ರೆಯೂ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ, ಅದನ್ನೂ ಕೇಳಿ ಪಡೆಯಿರಿ.

ಕಿಟ್‌ನಲ್ಲಿ ಏನಿರಬೇಕು? ಜಾರ್ಖಂಡ್‌ನವರು ಅಕ್ಕಿ ಕೊಟ್ಟದ್ದು ಅಲ್ಲಿಯವರು ಅಕ್ಕಿ ಉಣ್ಣುತ್ತಾರೆ ಅಂತ. ನಿಮ್ಮ ಕಡೆ ಜೋಳವೋ ರಾಗಿಯೋ ಆದರೆ ಅದನ್ನೇ ಕೊಡಿ. ಬಿಪಿಎಲ್ ಕಾರ್ಡ್ ಇರುವ ಮನೆಗೆ ಅನ್ನಭಾಗ್ಯದ ಅಕ್ಕಿ ಬರುತ್ತಿದ್ದರೆ, ನಿಮ್ಮ ದುಡ್ಡನ್ನು ತೊಗರಿಬೇಳೆ, ಕಡಲೆ, ಶೇಂಗಾ, ಅಡುಗೆ ಎಣ್ಣೆ, ಮೊಟ್ಟೆಗೆ ಹಾಕಿ. ಕೊರತೆ ಇರುವುದು ಅಲ್ಲೇ. ಪ್ರೋಟೀನ್ ಪೌಡರ್ ಡಬ್ಬಿ ಬೇಡ. ಆ ಒಂದು ಡಬ್ಬಿಯ ದುಡ್ಡಿಗೆ ಮನೆಮಂದಿಗೆಲ್ಲ ತಿಂಗಳ ಬೇಳೆ ಬರುತ್ತದೆ.

ಈಗ 16 ರೋಗಿಗಳೋ, ಕೆಲವೇ ಮನೆಗಳೋ ಅನ್ನುವ ಲೆಕ್ಕ. ಅಕ್ಕಿ ಕೆಜಿಗೆ 50, ಬೇಳೆ 130 ಅಂತ ಇಟ್ಟುಕೊಂಡರೆ ಮನೆಯವರಿಗೆ ತಲಾ 445 ರೂಪಾಯಿ. ರೋಗಿಯ ಕಿಟ್‌ಗೆ 1,200. ರೋಗಿಯ ಜೊತೆ ನಾಲ್ವರಿರುವ ಮನೆಗೆ ತಿಂಗಳಿಗೆ ಹತ್ತಿರಹತ್ತಿರ 3,000. ನಿಮ್ಮ 20,000ದಲ್ಲಿ ಆರು ಮನೆ. ನಾನಾದರೆ ಆರು ಮನೆಯನ್ನೇ ಹಿಡಿಯುತ್ತೇನೆ. ರೋಗಿಗೆ ಸರ್ಕಾರ ಈಗಾಗಲೇ ಚಿಕಿತ್ಸೆಯ ಅವಧಿಯಲ್ಲಿ ಊಟಕ್ಕೆ ಹಣ ಕೊಡುತ್ತದೆ, ಅದು 2018ರಲ್ಲಿ ತಿಂಗಳಿಗೆ 500 ರೂಪಾಯಿ ಅಂತ ಶುರುವಾಗಿ 2024ರ ನವೆಂಬರ್‌ನಿಂದ 1,000 ಆಗಿದೆ. ಹಣ ಖಾತೆಗೆ ಬಂದಿದೆಯಾ ಅಂತ ವಿಚಾರಿಸಿ, ಬಂದಿಲ್ಲದಿದ್ದರೆ ಬರುವಂತೆ ಮಾಡಿಕೊಡಿ. ಮನೆಯವರಿಗೆ ಅಂಥ ಹಣ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿಕ್ಷಯ್ ಮಿತ್ರರ ನೆರವನ್ನು ಮನೆಮಂದಿಗೂ ಚಾಚಿದ್ದರಿಂದ ನೀವು ಹೀಗೆ ಕೊಡಲು ಅಡ್ಡಿ ಇಲ್ಲ. ಜಿಲ್ಲಾ ಕ್ಷಯರೋಗ ಅಧಿಕಾರಿಗಳ ಕಚೇರಿಯಲ್ಲಿ ಹೆಸರು ಬರೆಸಿ, ತೂಕ ತೀರಾ ಕಡಿಮೆ ಇರುವ, ಮಕ್ಕಳಿರುವ ಮನೆಗಳನ್ನು ಮೊದಲು ಕೊಡಿ ಅಂತ ಕೇಳಿ. ಆರು ತಿಂಗಳು ತಪ್ಪದೆ ಕೊಡಿ. ಎರಡು ತಿಂಗಳು ಕೊಟ್ಟು ಕೈಬಿಟ್ಟರೆ ಆ ಸಂಶೋಧನೆಯ ಲಾಭ ಸಿಗುತ್ತದೆ ಅನ್ನಲು ಯಾವ ಆಧಾರವೂ ಇಲ್ಲ.

ಒಂದನ್ನು ಬಳಗದವರಿಗೆ ಮೊದಲೇ ಹೇಳಿಡಿ. ಆ ಪ್ರಯೋಗದ ಲೆಕ್ಕದಲ್ಲಿ ಒಂದು ಹೊಸ ಟಿಬಿ ತಪ್ಪಿಸಲು ಸುಮಾರು 30 ಮನೆಗಳಿಗೆ ರೇಷನ್ ಕೊಡಬೇಕಾಯಿತು. ನಿಮ್ಮ ಆರು ಮನೆಯಲ್ಲಿ ವರ್ಷದ ಕೊನೆಗೆ ಏನೂ ಕಣ್ಣಿಗೆ ಕಾಣದೇ ಇರಬಹುದು. ಕೊಟ್ಟರೂ ಒಬ್ಬರಿಗೆ ಟಿಬಿ ಬಂದೇಬಿಡಬಹುದು. 'ನೋಡಿ, ನಾನು ಹೇಳಿರಲಿಲ್ವಾ' ಅಂತ ಯಾರಾದರೂ ಅಂದರೆ ಕೈಬಿಡಬೇಡಿ. 2023ರಲ್ಲಿ ನಮ್ಮ ದೇಶದಲ್ಲಿ ಸುಮಾರು 28 ಲಕ್ಷ ಜನರಿಗೆ ಟಿಬಿ ಬಂದಿತ್ತು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 30 ಮನೆಗೆ ಒಂದು ಅನ್ನುವುದು ಅಷ್ಟು ದೊಡ್ಡ ಸಂಖ್ಯೆಯ ಮುಂದೆ ಏನಾಗುತ್ತದೆ ಅಂತ ಅವರೇ ಲೆಕ್ಕ ಹಾಕಲಿ. ನಿಮ್ಮ ಕೈಗೆ ಬೇಗ ಸಿಗುವ ಪುರಾವೆ ಬೇಕಿದ್ದರೆ ಪ್ರತಿ ತಿಂಗಳು ಎಲ್ಲರ ತೂಕ ಒಂದು ಪುಸ್ತಕದಲ್ಲಿ ಬರೆದಿಡಿ.

ಕಿಟ್ ಕೊಡುವಾಗ ಫೋಟೋ ಮಾತ್ರ ತೆಗೆಯಬೇಡಿ. ಬ್ಯಾನರ್ ಹಿಡಿದು ಓಣಿಗೆ ಬರಬೇಡಿ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ, 'ಆ ಮನೇಲಿ ಟಿಬಿ ಇದೆಯಂತೆ' ಅನ್ನುವ ಮಾತಿಗೇ ಹೆದರಿ ಅವರು ಕಿಟ್ ಬೇಡ ಅಂದುಬಿಡುತ್ತಾರೆ, ಕೆಲವರು ಮಾತ್ರೆ ತರಲು ಹೋಗುವುದನ್ನೂ ನಿಲ್ಲಿಸುತ್ತಾರೆ. ಅಂಗಡಿಯ ಸಾಮಾನು ಚೀಲದಲ್ಲೇ ಹಾಕಿ ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಳಿಸಿ, ಅಥವಾ ಅವರಿಗೆ ಅನುಕೂಲವಾದ ಹೊತ್ತಿಗೆ ಪಿಎಚ್‌ಸಿಯಿಂದಲೇ ಒಯ್ಯಲಿ.